ಕಜುವೊ ಇಶಿಗುರೊ: ಹೊತ್ತು ಮೀರಿದವರ ಕಥೆಗಾರ

ಬರುವ ವರ್ಷ ಊರಿಗೆ ಹಿಂದಿರುಗೋಣ ಎಂಬ ಮಾತು ಪರಸ್ಥಳದಲ್ಲಿ ನೆಲೆಸಿದ ಯಾವ ಸಂಸಾರದಲ್ಲಿ ಕೇಳಿಬರುವುದಿಲ್ಲ? ಹೇಳುವವರಿಗೂ ಕೇಳುವವರಿಗೂ ಅದರಲ್ಲಿ ಪೂರ್ಣ ನಂಬಿಕೆ. ವರ್ಷಗಳು ಮಾತ್ರ ಒಂದರ ಹಿಂದೊಂದು ಉರುಳಿಹೋಗುತ್ತವೆ. 1960ರಲ್ಲಿ ಜಪಾನಿನ ನಾಗಸಾಕಿಯಿಂದ ಇಂಗ್ಲೆಂಡಿಗೆ ಬಂದ ಕುಟುಂಬವೊಂದು ಹೀಗೆ ಹೇಳುತ್ತಲೇ ಹನ್ನೊಂದು ವರ್ಷಗಳನ್ನು ಕಳೆಯಿತು; ಕೊನೆಗೆ ಅಲ್ಲಿಯೇ ಬೇರೂರಿತು. ಬಂದಾಗ ಐದು ವರ್ಷದವನಾಗಿದ್ದ ಆ ಮನೆಯ ಹುಡುಗನೇ ಮುಂದೆ, 2017ರಲ್ಲಿ, ಸಾಹಿತ್ಯದ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಆಂಗ್ಲ ಕಾದಂಬರಿಕಾರ ಕಜುವೊ ಇಶಿಗುರೊ.

ಎರಡು ನಾಡುಗಳ ನಡುವೆ

ಇಶಿಗುರೊ ಜನಿಸಿದ್ದು 1954ರ ನವೆಂಬರ್ 8ರಂದು. ಅವರ ತಾಯಿ ನಾಗಸಾಕಿಯ ಅಣುಬಾಂಬಿನ ದಾಳಿಯಲ್ಲಿ ಬದುಕಿ ಉಳಿದವರು. ತಂದೆ ಸಾಗರವಿಜ್ಞಾನಿ, ಬ್ರಿಟನ್ನಿನ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಲು ಬಂದವರು. ಲಂಡನ್ನಿಗೆ ಸಮೀಪದ ಗಿಲ್ಡ್‌ಫರ್ಡ್ ಪಟ್ಟಣದಲ್ಲಿ ಬಿಡಾರವಾಯಿತು. ಹುಡುಗ ಇಂಗ್ಲಿಷ್ ಶಾಲೆಯಲ್ಲಿ ಓದಿದ. ಚರ್ಚಿನ ಗಾಯಕವೃಂದದಲ್ಲಿ ಹಾಡಿದ. ಮನೆಯ ಹೊಸ್ತಿಲು ದಾಟಿದೊಡನೆ ಜಪಾನೀ ಮಾತು, ಜಪಾನೀ ರೀತಿನೀತಿ. ತಿಂಗಳಿಗೊಮ್ಮೆ ಅಲ್ಲಿಂದ ಮಕ್ಕಳ ಪತ್ರಿಕೆಗಳ ಕಟ್ಟು ಬರುತ್ತಿತ್ತು. ಹದಿಹರೆಯದ ಹೊತ್ತಿಗೆ ಅದೂ ನಿಂತುಹೋಯಿತು.

ತಾರುಣ್ಯದಲ್ಲಿ ಅವರಿಗಿದ್ದುದು ಗಿಟಾರ್ ಹಿಡಿದು ಹಾಡು ಕಟ್ಟುವ ಹಂಬಲ. ಆ ಪ್ರಯತ್ನ ಫಲಿಸಲಿಲ್ಲ. ಕೆಂಟ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಲಂಡನ್ನಿನಲ್ಲಿ ಮನೆಮಠವಿಲ್ಲದ ನಿರ್ಗತಿಕರ ಸೇವಾಕಾರ್ಯದಲ್ಲಿ ತೊಡಗಿದರು. ಮುಂದೆ ಬಾಳಸಂಗಾತಿಯಾದ ಲೋರ್ನಾ ಅವರ ಪರಿಚಯವಾದದ್ದೂ ಅಲ್ಲಿಯೇ. 1979ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿ ಮಾಲ್ಕಮ್ ಬ್ರಾಡ್‌ಬರಿಯವರ ಬಳಿ ಕಥಾರಚನೆಯನ್ನು ಅಭ್ಯಾಸಮಾಡಿದರು.

ಅಲ್ಲಿ ಲೇಖನಿ ಹಿಡಿದಾಗ ಮೂಡಿದ್ದು ಇಂಗ್ಲೆಂಡಿನ ಚಿತ್ರವಲ್ಲ, ನಾಗಸಾಕಿಯದು. ತಮ್ಮ ಮನಸ್ಸಿನೊಳಗಿರುವ ಜಪಾನ್ ವಿಮಾನವೇರಿ ಹೋಗಿ ಕಾಣಬಹುದಾದ ದೇಶವಲ್ಲ. ಬಾಲ್ಯದ ನೆನಪು, ತಂದೆತಾಯಿಯರ ಮಾತು, ಕಲ್ಪನೆ ಇವು ಬೆರೆತು ಆದದ್ದು. ವರ್ಷವರ್ಷಕ್ಕೂ ಮಸುಕಾಗುತ್ತಿರುವುದು ಎಂಬ ಅರಿವು ಅವರಿಗಾಯಿತು. ಅದು ಪೂರ್ತಿ ಅಳಿಸಿಹೋಗುವ ಮುನ್ನ ಕಾಗದದ ಮೇಲೆ ಉಳಿಸಬೇಕೆಂಬ ತವಕದಿಂದ ಹುಟ್ಟಿದುದು 1982ರ ‘ಎ ಪೇಲ್ ವ್ಯೂ ಆಫ್ ಹಿಲ್ಸ್’. 1986ರಲ್ಲಿ ಬಂದ ‘ಆನ್ ಆರ್ಟಿಸ್ಟ್ ಆಫ್ ದಿ ಫ್ಲೋಟಿಂಗ್ ವರ್ಲ್ಡ್’ ಕಾದಂಬರಿಯ ರಂಗವೂ ಜಪಾನೇ. ಲೇಖಕರು ಮತ್ತೆ ಜಪಾನನ್ನು ಕಣ್ಣಾರೆ ಕಂಡದ್ದು ಮಾತ್ರ ಇವೆರಡೂ ಪ್ರಕಟವಾದ ಮೇಲೆ, 1989ರಲ್ಲಿ!

ಬಟ್ಲರನ ಕಣ್ಣೀರು

ಅದೇ ವರ್ಷ ಪ್ರಕಟವಾಗಿ ಬೂಕರ್ ಬಹುಮಾನ ಗಳಿಸಿದ ‘ದಿ ರಿಮೇನ್ಸ್ ಆಫ್ ದಿ ಡೇ’ ಅವರ ಕೀರ್ತಿಶಿಖರ. ಇದರ ನಾಯಕ ಸ್ಟೀವನ್ಸ್, ಡಾರ್ಲಿಂಗ್ಟನ್ ಹಾಲ್ ಎಂಬ ಶ್ರೀಮಂತ ಬಂಗಲೆಯ ಬಟ್ಲರ್. ಸೇವೆಯ ಘನತೆಯೇ ಅವನ ಧರ್ಮ. ಮಹಡಿಯ ಮೇಲೆ ತಂದೆ ಪ್ರಾಣ ಬಿಡುತ್ತಿದ್ದರೂ ಕೆಳಗೆ ಅತಿಥಿಗಳ ಉಪಚಾರದಲ್ಲಿ ಅವನು ಕುಂದುಬರಗೊಡುವುದಿಲ್ಲ. ಯಹೂದಿಗಳೆಂಬ ಒಂದೇ ಕಾರಣಕ್ಕೆ ಇಬ್ಬರು ಸೇವಕಿಯರನ್ನು ತೆಗೆದುಹಾಕೆಂದು ಯಜಮಾನ ಆಜ್ಞಾಪಿಸಿದಾಗ ಅದನ್ನೂ ಪಾಲಿಸುತ್ತಾನೆ. ಜೊತೆಯಲ್ಲಿ ದುಡಿದ ಮಿಸ್ ಕೆಂಟನ್ ತೋರಿದ ಒಲವಿಗೆ ಅವನಿಂದ ಒಂದು ಮಾತಿನ ಉತ್ತರವೂ ಬರುವುದಿಲ್ಲ. 1956ರಲ್ಲಿ, ಹಲವು ವರ್ಷಗಳ ನಂತರ, ಅವನು ಕಾರಿನಲ್ಲಿ ಅವಳನ್ನು ಕಾಣಹೊರಡುತ್ತಾನೆ. ಅಷ್ಟರಲ್ಲಿ ಅವಳು ಬೇರೊಬ್ಬನ ಗೃಹಿಣಿ. ತಾನು ಬಾಳನ್ನೆಲ್ಲ ಸವೆಸಿ ಸೇವಿಸಿದ ಯಜಮಾನ ನಾಜಿಗಳ ಕೈಗೊಂಬೆಯಾಗಿದ್ದನೆಂಬ ಸತ್ಯವನ್ನೂ ಸ್ಟೀವನ್ಸ್ ಇನ್ನು ಮರೆಮಾಚಲಾರ.

ಈ ಕೃತಿಯ ಹಿಂದೊಂದು ಮನೆಯ ಕಥೆಯಿದೆ. ಎರಡನೆಯ ಕಾದಂಬರಿ ತಂದ ಹೆಸರಿನಿಂದ ಆಹ್ವಾನಗಳೂ ಔತಣಗಳೂ ಹೆಚ್ಚಿ ಬರವಣಿಗೆ ನಿಂತೇಹೋಗಿತ್ತು. ಆಗ ದಂಪತಿಗಳು ಒಂದು ಉಪಾಯ ಹೂಡಿದರು. 1987ರ ಬೇಸಗೆಯಲ್ಲಿ ನಾಲ್ಕು ವಾರ, ಭಾನುವಾರ ಬಿಟ್ಟು ಮಿಕ್ಕ ದಿನಗಳಲ್ಲಿ, ಬೆಳಿಗ್ಗೆ 9ರಿಂದ ರಾತ್ರಿ 10.30ರವರೆಗೆ ಬರೆಯುವುದೊಂದೇ ಕೆಲಸ. ಊಟಕ್ಕಷ್ಟೇ ವಿರಾಮ, ಪತ್ರವಿಲ್ಲ, ಫೋನಿಲ್ಲ, ಅತಿಥಿಗಳಿಲ್ಲ. ಅಡಿಗೆ, ಮನೆಗೆಲಸಗಳಲ್ಲಿ ಪತಿಯ ಪಾಲನ್ನೂ ಲೋರ್ನಾ ವಹಿಸಿಕೊಂಡರು. ತಿದ್ದುವುದು ಬಹಳ ಉಳಿದಿದ್ದರೂ ನಾಲ್ಕು ವಾರಗಳಲ್ಲಿ ಕಾದಂಬರಿಗೆ ಜೀವ ಬಂದಿತ್ತು. ಪುಸ್ತಕ ಮುಗಿಯಿತೆಂದುಕೊಂಡಿದ್ದಾಗ, ಒಂದು ಸಂಜೆ ಟಾಮ್ ವೇಟ್ಸ್ ಎಂಬ ಗಾಯಕನ ಹಾಡು ಇಶಿಗುರೊ ಅವರ ಕಿವಿಗೆ ಬಿತ್ತು. ಒರಟು ಕಂಠದ ಗಾಯಕ ದುಃಖಕ್ಕೆ ಸೋಲುವುದನ್ನು ಕೇಳಿ, ಸ್ಟೀವನ್ಸನ ಕವಚವೂ ಒಂದು ಕ್ಷಣ ಬಿರಿಯಬೇಕೆಂದು ಅವರು ನಿಶ್ಚಯಿಸಿದರು. ಸಮುದ್ರತೀರದಲ್ಲಿ ಬಟ್ಲರ್ ಕಣ್ಣೀರಿಡುವ ಕೊನೆಯ ಪ್ರಸಂಗಕ್ಕೆ ಆ ಬಿರುಕೇ ಮೂಲ.

1993ರಲ್ಲಿ ಇದು ಚಲನಚಿತ್ರವಾಯಿತು. ಆಂಥೋನಿ ಹಾಪ್ಕಿನ್ಸ್ ಮತ್ತು ಎಮ್ಮಾ ಥಾಮ್ಸನ್ ನಟಿಸಿದ ಆ ಚಿತ್ರದ ನಿರ್ದೇಶಕ ಜೇಮ್ಸ್ ಐವರಿ. ನಿರ್ಮಾಪಕರಲ್ಲೊಬ್ಬರು ಮುಂಬಯಿಯಲ್ಲಿ ಜನಿಸಿದ ಇಸ್ಮಾಯಿಲ್ ಮರ್ಚೆಂಟ್.

ಇನ್ನೂ ಸ್ವಲ್ಪ ಹೊತ್ತಿದೆ

ಮುಂದಿನ ಕೃತಿಗಳಲ್ಲಿ ವಸ್ತು ಬದಲಾಯಿತು, ವ್ಯಥೆ ಬದಲಾಗಲಿಲ್ಲ. 2005ರ ‘ನೆವರ್ ಲೆಟ್ ಮಿ ಗೋ’ದಲ್ಲಿ ಅಂಗಾಂಗಗಳನ್ನು ಕೊಟ್ಟು ಸಾಯುವುದಕ್ಕೆಂದೇ ಬೆಳೆಸಲಾದ ಯುವಕ ಯುವತಿಯರು, ತಮ್ಮ ಪ್ರೇಮಕ್ಕಾಗಿ ಕೆಲವು ವರ್ಷಗಳ ಗಡುವು ಬೇಡುತ್ತಾರೆ. 2015ರ ‘ದಿ ಬರೀಡ್ ಜೈಂಟ್’ನಲ್ಲಿ ಮರೆವಿನ ಮಂಜು ಕವಿದ ನಾಡಿನಲ್ಲಿ ವೃದ್ಧ ದಂಪತಿಗಳು ಮಗನನ್ನು ಅರಸಿ ನಡೆಯುತ್ತಾರೆ. ಇದರ ಮೊದಲ ಪುಟಗಳನ್ನು ಓದಿದ ಲೋರ್ನಾ, ಇದು ಸಾಗದು, ಮೊದಲಿನಿಂದ ಬರೆಯಿರಿ ಎಂದರಂತೆ. ನೊಬೆಲ್ ಪುರಸ್ಕೃತರಾಗಲಿದ್ದ ಪತಿ ಹಾಗೆಯೇ ಮಾಡಿದರು. 2021ರ ‘ಕ್ಲಾರಾ ಅಂಡ್ ದಿ ಸನ್’ನಲ್ಲಿ ಕಥೆ ಹೇಳುವುದು ಒಂದು ಯಂತ್ರಗೆಳತಿ.

ಬಾಳಿನ ಹೊತ್ತು ಮೀರಿದ ಮೇಲೆ ಮನುಷ್ಯನಿಗೆ ಉಳಿಯುವುದೇನು? ಈ ಪ್ರಶ್ನೆಗೆ ಇಶಿಗುರೊ ಅವರ ಅತ್ಯಂತ ಮೃದುವಾದ ಉತ್ತರ 2022ರ ‘ಲಿವಿಂಗ್’ ಚಿತ್ರದಲ್ಲಿದೆ. ಅಕಿರಾ ಕುರೊಸಾವಾ 1952ರಲ್ಲಿ ತೆಗೆದ ‘ಇಕಿರು’ ಚಿತ್ರವನ್ನು ಲಂಡನ್ನಿಗೆ ಹೊಂದಿಸಿ ಅವರು ಬರೆದ ಚಿತ್ರಕಥೆಯಿದು. ಆಸ್ಕರ್‌ಗೂ ಇದು ನಾಮಕರಣಗೊಂಡಿತು. ಕಡತಗಳ ನಡುವೆ ಬಾಳು ಸವೆಸಿದ ಅಧಿಕಾರಿಯೊಬ್ಬನಿಗೆ ಉಳಿದಿರುವುದು ಕೆಲವೇ ತಿಂಗಳೆಂದು ವೈದ್ಯರು ತಿಳಿಸುತ್ತಾರೆ. ಹೋದ ವರ್ಷಗಳನ್ನು ಅವನು ಮರಳಿ ತರಲಾರ. ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಒಂದು ಅರ್ಜಿಯನ್ನು ಕೈಗೆತ್ತಿಕೊಂಡು, ಬಡವರ ಬೀದಿಯಲ್ಲಿ ಮಕ್ಕಳಿಗೊಂದು ಆಟದ ಬಯಲನ್ನು ಮಾಡಿಸಿಕೊಡುತ್ತಾನೆ.