ಚಕ್ರ ದೂರ ಹೋಗುವುದು ತೋಳಿನ ಬಲದಿಂದಲ್ಲ

"ಆಪಾ, ನನ್ನ ಮಗಳಿಗೆ ಇನ್ನು ಆ ಚಕ್ರ ಎಸೆಯುವ ಆಟ ಬೇಡ. ರಾತ್ರಿಯಿಡೀ ಭುಜ ಹಿಡಿದುಕೊಂಡು ಅತ್ತಿದ್ದಾಳೆ."

ಯಲ್ಲದಕೆರೆಯ ತಾಯಿಯೊಬ್ಬರು ಬಾಗಿಲಲ್ಲಿ ನಿಂತು ಹೀಗೆಂದಾಗ ನನಗೆ ಉತ್ತರ ತೋಚಲಿಲ್ಲ. ಅವರ ಮಗಳು ಎಂಟನೇ ತರಗತಿಯವಳು. ಹೋಬಳಿ ಕ್ರೀಡಾಕೂಟಕ್ಕೆ ಚಕ್ರ ಎಸೆತದಲ್ಲಿ ಹೆಸರು ಕೊಟ್ಟಿದ್ದಳು. ದೈಹಿಕ ಶಿಕ್ಷಕರಿಲ್ಲದ ಕಾರಣ ಅಭ್ಯಾಸ ಮಾಡಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಭಾಷೆ ಕಲಿಸುವ ನನಗೆ ಗೊತ್ತಿದ್ದದ್ದು ಒಂದೇ ಮಾತು: "ಇನ್ನೂ ಜೋರಾಗಿ ಎಸೆ!" ಆ ಮಗು ಇದ್ದ ಶಕ್ತಿಯನ್ನೆಲ್ಲ ತೋಳಿಗೆ ಹಾಕಿ ಎಸೆಯಿತು, ಭುಜ ನೋಯಿಸಿಕೊಂಡಿತು. ತಪ್ಪು ಹುಡುಗಿಯದಲ್ಲ, ಆಟದ್ದೂ ಅಲ್ಲ, ನನ್ನದು. ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಮಗಳು ಇರಬಹುದು.

ಬಟ್ಟೆ ಒಗೆಯುವ ಕಲ್ಲಿನ ಪಾಠ

ಸಹೋದರಿಯರೇ, ಒದ್ದೆಯಾದ ಹಾಸುಹೊದಿಕೆಯನ್ನು ಕಲ್ಲಿಗೆ ಒಗೆಯುವುದನ್ನು ನೆನಪಿಸಿಕೊಳ್ಳಿ. ಬರೀ ಕೈಯಿಂದ ಎತ್ತಿ ಒಗೆದರೆ ನಾಲ್ಕು ಬಟ್ಟೆಗೇ ರಟ್ಟೆ ಸೋಲುತ್ತದೆ. ಬಲ್ಲವರು ಮೊದಲು ಕಾಲು ಊರುತ್ತಾರೆ, ಸೊಂಟ ತಿರುಗಿಸುತ್ತಾರೆ, ಆಮೇಲೆ ಭುಜ, ಕೊನೆಗೆ ಕೈ. ಬಟ್ಟೆ ಎಲ್ಲಕ್ಕಿಂತ ಹಿಂದೆ ಬಂದು ಎಲ್ಲಕ್ಕಿಂತ ಜೋರಾಗಿ ಬೀಳುತ್ತದೆ. ಚಕ್ರ ಎಸೆತದ ಗುಟ್ಟೂ ಇದೇ. ಕಾಲು, ಸೊಂಟ, ಎದೆ, ಕೊನೆಗೆ ತೋಳು. ಈ ಕ್ರಮ ತಪ್ಪಿ ತೋಳು ಮೊದಲು ಓಡಿದರೆ ದೂರವೂ ಸಿಗುವುದಿಲ್ಲ, ಭುಜವೂ ಉಳಿಯುವುದಿಲ್ಲ.

ಬಲಗೈಯವಳಾದರೆ ಎಡಭುಜ ಎಸೆಯುವ ದಿಕ್ಕಿಗಿರಲಿ. ಬಲ ಮೊಣಕಾಲು ಬಗ್ಗಿಸಿ, ಮೈಭಾರವನ್ನು ಅದರ ಮೇಲಿಟ್ಟು, ಚಕ್ರವನ್ನು ಬೆನ್ನ ಹಿಂದಕ್ಕೆ ಒಯ್ಯಬೇಕು. ಅಲ್ಲಿಂದ ಮೊದಲು ತಿರುಗುವುದು ಬಲ ಪಾದ ಮತ್ತು ಸೊಂಟ. ತೋಳು ಉದ್ದವಾಗಿ ಚಾಚಿಕೊಂಡೇ ಹಿಂಬಾಲಿಸಬೇಕು. ಎಡಗಾಲು ಗೂಟದಂತೆ ಗಟ್ಟಿಯಾಗಿ ನಿಲ್ಲಬೇಕು. ಚಕ್ರ ಭುಜದ ಎತ್ತರದಲ್ಲಿ ಕೈ ಬಿಡಬೇಕು. ಕೈ ಬಿಡುವಾಗಿನ ವೇಗ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ದೂರ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಆ ವೇಗ ಹುಟ್ಟುವುದು ಕಾಲಿನಲ್ಲಿ.

ಹಿಡಿಯುವುದಲ್ಲ, ತೂಗಿಸುವುದು

ಹುಡುಗಿಯರ ಮತ್ತು ಮಹಿಳೆಯರ ಚಕ್ರದ ತೂಕ 1 ಕಿಲೋ, ಅಗಲ ಸುಮಾರು 18 ಸೆಂಟಿಮೀಟರ್. ಅದನ್ನು ರೊಟ್ಟಿ ಹಿಡಿದಂತೆ ಹಿಡಿಯಬಾರದು. ನಾಲ್ಕು ಬೆರಳುಗಳ ತುದಿಗೆಣ್ಣು ಮಾತ್ರ ಅಂಚಿನ ಮೇಲೆ ಬರಲಿ, ಹೆಬ್ಬೆರಳು ಸುಮ್ಮನೆ ಚಕ್ರದ ಮೇಲೆ ಮಲಗಿರಲಿ. ಬೀಸುವಾಗ ಚಕ್ರ ತಾನಾಗಿಯೇ ಬೆರಳುಗಳಿಗೆ ಒತ್ತಿಕೊಳ್ಳುತ್ತದೆ. ಅದು ಕೊನೆಗೆ ಬಿಡುವುದು ತೋರುಬೆರಳನ್ನು. ಹಾಗೆ ಬಿಟ್ಟರೆ ಬುಗುರಿಯಂತೆ ಸುತ್ತುತ್ತ, ತೊನೆದಾಡದೆ ಹಾರುತ್ತದೆ. ಕಿರುಬೆರಳಿನ ಕಡೆಯಿಂದ ಜಾರಿದರೆ ಅಲ್ಲೇ ಹತ್ತಿರದಲ್ಲಿ ಬೀಳುತ್ತದೆ.

ನಮ್ಮ ಜಿಲ್ಲೆಯ ಗಾಳಿ

ಕಣದಲ್ಲಿ ರಾಗಿ ತೂರುವಾಗ ಗಾಳಿ ಹೊಟ್ಟನ್ನು ತನ್ನ ದಿಕ್ಕಿಗೆ ಒಯ್ಯುತ್ತದೆ. ಹಾಗಾಗಿ ಗಾಳಿ ಬೆನ್ನ ಹಿಂದಿದ್ದರೆ ಚಕ್ರವೂ ದೂರ ಹೋದೀತೆಂದು ನಾನು ತಿಳಿದಿದ್ದೆ. ನಿಜ ಅದಕ್ಕೆ ವಿರುದ್ಧ. ಎದುರುಗಾಳಿಯೇ ಚಕ್ರವನ್ನು ಹಕ್ಕಿಯ ರೆಕ್ಕೆಯಂತೆ ಎತ್ತಿ ಹಿಡಿಯುತ್ತದೆ. ಬಲಗೈಯವರಿಗೆ ಮುಂದಿನ ಬಲಮೂಲೆಯಿಂದ ಬರುವ ಗಾಳಿ ಒಳ್ಳೆಯದು. ಅಮೆರಿಕದ ಒಕ್ಲಹೋಮ ರಾಜ್ಯದ ರಮೋನಾ ಎಂಬಲ್ಲಿ, ಗಾಳಿ ಬೀಸುವ ಬಯಲಿನಲ್ಲಿ, ಲಿಥುವೇನಿಯಾದ ಮಿಕೋಲಾಸ್ ಅಲೆಕ್ನಾ 2025ರ ಏಪ್ರಿಲ್‌ನಲ್ಲಿ 75.56 ಮೀಟರ್ ಎಸೆದು ಪುರುಷರ ವಿಶ್ವದಾಖಲೆ ಬರೆದರು. ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ನಾಡಿನವರಿಗೆ ಗಾಳಿಗೇನು ಬರ? ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಪಶ್ಚಿಮಕ್ಕೆ ಮುಖ ಮಾಡಿ ಎಸೆಯಲು ಹೇಳಿ. ಆದರೆ ಎದುರುಗಾಳಿಯಲ್ಲಿ ಚಕ್ರದ ಮೂತಿ ಮೇಲಕ್ಕೆದ್ದರೆ ಅದು ಅಲ್ಲೇ ನಿಂತು ಕೆಳಗೆ ಬೀಳುತ್ತದೆ. ಸ್ವಲ್ಪ ತಗ್ಗಿಸಿಯೇ ಎಸೆಯಬೇಕು.

ಮೆಟ್ಟಿಲು ಮೆಟ್ಟಿಲಾಗಿ

ಮೊದಲ ವಾರ ಎಸೆಯುವುದೇ ಬೇಡ. ಚಕ್ರವನ್ನು ನೆಲದ ಮೇಲೆ ನೇರವಾಗಿ ಉರುಳಿಸಲಿ, ತೋರುಬೆರಳಿನ ಕೆಲಸ ತಿಳಿಯುತ್ತದೆ. ಚಕ್ರವಿಲ್ಲದಿದ್ದರೆ ಹಳೆಯ ಸೈಕಲ್ ಟಯರನ್ನೋ ಶಾಲೆಯ ರಬ್ಬರ್ ರಿಂಗನ್ನೋ ಎಸೆದು ಅಭ್ಯಾಸ ಮಾಡಬಹುದು. ಆಮೇಲೆ ನಿಂತಲ್ಲಿಂದ ಎಸೆತ. ಅದು ಕೂಡಿ ಬಂದ ಮೇಲೆ ಒಂದು ಹೆಜ್ಜೆ, ಕೊನೆಗೆ 2.5 ಮೀಟರ್ ಅಗಲದ ವೃತ್ತದೊಳಗೆ ಒಂದೂವರೆ ಸುತ್ತು. ಅವಸರ ಬೇಡ. ದಿನಕ್ಕೆ ಹತ್ತು ಹದಿನೈದು ಎಸೆತ ಸಾಕು, ನಡುವೆ ಒಂದು ದಿನ ಬಿಡುವಿರಲಿ. ನೋವು ಬಂದರೆ ನಿಲ್ಲಿಸಬೇಕು.

ಎಚ್ಚರಿಕೆಯ ಮಾತೊಂದು: ಎಸೆಯುವವಳ ಮುಂದೆ, ಅಕ್ಕಪಕ್ಕದಲ್ಲಿ ಯಾರೂ ನಿಲ್ಲಬಾರದು. ಚಕ್ರವನ್ನು ನಡೆದು ಹೋಗಿ ತರಬೇಕೇ ಹೊರತು ತಿರುಗಿ ಎಸೆಯಬಾರದು. ಸಡಿಲವಾದ ಸಲ್ವಾರ್, ಪೂರ್ತಿ ತೋಳಿನ ಅಂಗಿ ಈ ಆಟಕ್ಕೆ ಅಡ್ಡಿಯಲ್ಲ. ದುಪಟ್ಟಾ ಗಾಳಿಗೆ ಹಾರಿ ಕೈಗೆ ಸುತ್ತಿಕೊಳ್ಳದಂತೆ ಪಿನ್ ಹಾಕಿ ಒಳಗೆ ಸೇರಿಸಿದರಾಯಿತು.

ಮನೆಯವರ ಕೈ

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು. ಅವರನ್ನು ತಿದ್ದಿದವರಲ್ಲಿ ತಂದೆಯೂ ಒಬ್ಬರು. 2010ರ ದಿಲ್ಲಿ ಕೂಟದಲ್ಲಿ 61.51 ಮೀಟರ್ ಎಸೆದು ಚಿನ್ನ ಗೆದ್ದ ಕೃಷ್ಣಾ ಪೂನಿಯಾ ಆಗ ಒಬ್ಬ ಮಗನ ತಾಯಿ, ತರಬೇತಿ ಕೊಟ್ಟವರು ಪತಿ. ಆ ದಿನ ಮಹಿಳೆಯರ ಚಕ್ರ ಎಸೆತದ ಮೂರೂ ಪದಕಗಳು ಭಾರತಕ್ಕೇ ಬಂದವು. ದೂರ ಎಸೆದವರ ಹಿಂದೆ ಮನೆಯವರ ಕೈಯೂ ಇರುತ್ತದೆ.

ಆ ಹುಡುಗಿ ಎರಡು ವಾರ ವಿಶ್ರಾಂತಿ ಪಡೆದು ಮತ್ತೆ ಬಂದಳು. ಈ ಸಲ ಅವಳ ಅಮ್ಮಿಯೂ ಬಂದು ಬೇಲಿಯ ಬಳಿ ನಿಂತರು. ಹೋಬಳಿ ಕೂಟದಲ್ಲಿ ಬಹುಮಾನ ಬರಲಿಲ್ಲ. ಆದರೆ ಮೊದಲು ನೆಟ್ಟ ಗುರುತಿನ ಕೋಲನ್ನು ದಾಟಿ ಚಕ್ರ ನಾಲ್ಕು ಹೆಜ್ಜೆ ಮುಂದೆ ಬಿತ್ತು, ಭುಜ ನೋಯಲಿಲ್ಲ.

ನಿಮ್ಮ ಮಗಳು ನೋವೆಂದು ಮನೆಗೆ ಬಂದರೆ ಕೂಡಲೇ "ಆಟ ಬೇಡ" ಎನ್ನಬೇಡಿ. ಹೇಗೆ ಎಸೆಯುತ್ತಿದ್ದಾಳೆ, ಯಾರು ಕಲಿಸುತ್ತಿದ್ದಾರೆ ಎಂದು ಮೊದಲು ಹೋಗಿ ನೋಡಿ. ನನ್ನಂಥ ಟೀಚರ್‌ಗೂ ತಿದ್ದಿಕೊಳ್ಳಲು ಒಂದು ಅವಕಾಶ ಸಿಗುತ್ತದೆ.