ಸೀದಾ ಕುಂತರೂ ಸೊಂಟ ನೋಯುವುದೇಕೆ?

“ಸೀದಾ ಕುಂದ್ರು, ಸೊಂಟ ನೋಯಂಗಿಲ್ಲ.” ಝರಾಸಂಗಂ, ಜಹೀರಾಬಾದ್ ಕಡೆ ಕಂಪ್ಯೂಟರ್ ಮುಂದೆ ದುಡಿಯುವ ಮಕ್ಕಳಿಗೆ ಮನೆಯ ಹಿರಿಯರು ಕೊಡುವ ಬುದ್ಧಿಮಾತು ಇದು. ಪ್ರೀತಿಯ ಮಾತೇ, ಆದರೆ ಅರ್ಧ ಮಾತ್ರ ನಿಜ.

1999ರಲ್ಲಿ ಜರ್ಮನಿಯ ಸಂಶೋಧಕರು ಸ್ವಯಂಸೇವಕನೊಬ್ಬನ ಬೆನ್ನೆಲುಬಿನ ಡಿಸ್ಕ್‌ನೊಳಗೇ ಒತ್ತಡಮಾಪಕ ಇಟ್ಟು ಅಳೆದರು. ನಿಂತಾಗ 0.5 ಮೆಗಾಪ್ಯಾಸ್ಕಲ್, ಆಸರೆಯಿಲ್ಲದೆ ಕೂತಾಗ 0.46, ಕುರ್ಚಿಗೆ ಒರಗಿ ಆರಾಮಾಗಿ ಕೂತಾಗ ಕೇವಲ 0.3. ಪೂರ್ತಿ ಮುಂದಕ್ಕೆ ಬಾಗಿ ಕೂತಾಗ ಮಾತ್ರ 0.83ಕ್ಕೆ ಏರಿತು. ಅಳೆದದ್ದು ಒಬ್ಬನೇ ವ್ಯಕ್ತಿಯನ್ನು, ನಿಜ. ಆದರೂ ಒರಗಿದರೆ ಬೆನ್ನು ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂಬುದು ಅದರಿಂದ ಗೊತ್ತಾಯಿತು. ಬೆನ್ನಿಗೆ ಆಸರೆ ಬೇಕು, ಅದಕ್ಕಿಂತ ಹೆಚ್ಚಾಗಿ ಭಂಗಿ ಬದಲಾಗುತ್ತಿರಬೇಕು. ಗಂಟೆಗಟ್ಟಲೆ ಕದಲದೆ ಕೂತರೆ ಎಂಥ ‘ಸರಿಯಾದ’ ಭಂಗಿಯೂ ಸ್ನಾಯುವನ್ನು ದಣಿಸುತ್ತದೆ.

ಮೀ-ಸೇವಾ ಕೇಂದ್ರದ ಮೇಜನ್ನು ಹತ್ತಿರದಿಂದ ನೋಡಿದರೆ ನೋವಿನ ಮೂಲ ಕಾಣುತ್ತದೆ. 2011ರಲ್ಲಿ ಅವಿಭಜಿತ ಆಂಧ್ರದಲ್ಲಿ ಶುರುವಾದ ಈ ಸೇವೆಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳೆಲ್ಲ ಕಂಪ್ಯೂಟರಿಗೇ ಏರಬೇಕು. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲೂ ತಾಂಡೂರು ಕಲಬುರಗಿಯಲ್ಲೂ ಇದ್ದವು. ಹಾಗಾಗಿ ಗಡಿ ಹಳ್ಳಿಯಿಂದ ಬಂದವರು ವಿವರ ಹೇಳುವುದು ಕನ್ನಡದಲ್ಲಿ, ಅರ್ಜಿ ತುಂಬುವುದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ. ಆಪರೇಟರ್ ಒಮ್ಮೆ ಎದುರಿಗೆ ನಿಂತವರ ಮುಖ ನೋಡಬೇಕು, ಒಮ್ಮೆ ಮೇಜಿನ ಮೇಲೆ ಅಂಗಾತ ಬಿದ್ದ ಆಧಾರ್ ಜೆರಾಕ್ಸ್, ಮತ್ತೊಮ್ಮೆ ಪರದೆ. ಒಂದೊಂದು ಅರ್ಜಿಗೂ ಕುತ್ತಿಗೆ ಹೀಗೆ ಎಷ್ಟೋ ಸಲ ಬಗ್ಗಿ, ತಿರುಗಿ, ಏಳುತ್ತದೆ. ಕಾಗದವನ್ನು ಕ್ಲಿಪ್ ಹಾಕಿದ ರಟ್ಟಿಗೆ ಸಿಕ್ಕಿಸಿ ಪರದೆಯ ಪಕ್ಕ, ಅದೇ ಎತ್ತರದಲ್ಲಿ ನಿಲ್ಲಿಸಿದರೆ ಆ ಬಗ್ಗುವಿಕೆಯಲ್ಲಿ ಬಹುಪಾಲು ತಪ್ಪುತ್ತದೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1713ರಲ್ಲೇ ಗುಮಾಸ್ತರ ಕಾಯಿಲೆಗಳಿಗೆ ಮೂರು ಕಾರಣ ಕೊಟ್ಟಿದ್ದ: ಸದಾ ಕೂತಿರುವುದು, ಕೈಯ ಒಂದೇ ಬಗೆಯ ಚಲನೆ, ಎಲ್ಲಿ ತಪ್ಪಾದೀತೋ ಎಂಬ ಮನಸ್ಸಿನ ಬಿಗಿ. ಒಂದು ಅಕ್ಷರ ತಪ್ಪಿದರೆ ಅರ್ಜಿ ತಿರಸ್ಕೃತವಾಗುವ ಈ ಕೆಲಸಕ್ಕೆ ಮೂರನೆಯ ಕಾರಣ ಎಷ್ಟು ಸರಿಯಾಗಿ ಒಪ್ಪುತ್ತದೆ!

ದುಬಾರಿ ಕುರ್ಚಿ ತಂದರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಮೇಜಿನ ಎತ್ತರ ಸಾಮಾನ್ಯವಾಗಿ ಸುಮಾರು 75 ಸೆಂಟಿಮೀಟರ್. ಗಿಡ್ಡ ಮೈಕಟ್ಟಿನ ಹೆಣ್ಣುಮಗಳು ಕೀಬೋರ್ಡಿಗೆ ಮೊಣಕೈ ಸಮವಾಗಲೆಂದು ಕುರ್ಚಿ ಏರಿಸಿದರೆ ಪಾದ ನೆಲಕ್ಕೆ ಮುಟ್ಟದು, ಇಳಿಸಿದರೆ ಭುಜ ಮೇಲೇರುತ್ತದೆ. ನಮ್ಮ ಮೈಯಳತೆಗೇ ವಿನ್ಯಾಸ ಆಗಬೇಕೆಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ದೇಬಕುಮಾರ್ ಚಕ್ರಬರ್ತಿ ಅವರ ಭಾರತೀಯ ದೇಹಮಾಪನದ ಪುಸ್ತಕವನ್ನೇ ಪ್ರಕಟಿಸಿತು. ಮೇಜು ಬದಲಿಸಲು ಆಗದಿದ್ದರೆ ಕುರ್ಚಿ ಏರಿಸಿ, ತಾಂಡೂರಿನ ಕಲ್ಲುಚಪ್ಪಡಿಯ ಒಂದೆರಡು ತುಂಡನ್ನು ಕಾಲ ಕೆಳಗಿಟ್ಟರೂ ಕೆಲಸ ನಡೆಯುತ್ತದೆ. ಲ್ಯಾಪ್‌ಟಾಪ್ ಆದರೆ ಅದನ್ನು ಎತ್ತರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಜೋಡಿಸಬೇಕು. ಹೊಸ ಪ್ರಿಂಟರಿಗೆ ದುಡ್ಡು ಹಾಕುವ ಮಾಲೀಕರು ಮೊದಲು ಈ ಕೀಬೋರ್ಡ್ ಕೊಡಿಸಲಿ.

ನೀಲಿ ಬೆಳಕು ತಡೆಯುವ ಕನ್ನಡಕದ ಮಾತೂ ಬಹಳ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವರದಿ, ಕಣ್ಣಿನ ದಣಿವು ಅದರಿಂದ ಕಡಿಮೆಯಾಗುವ ಸಂಭವವಿಲ್ಲ ಎಂದಿತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಮ್ಮಿ, ಅದರಿಂದ ಕಣ್ಣು ಒಣಗಿ ಉರಿಯುತ್ತದೆ. ಆಗಾಗ ತಲೆ ಎತ್ತಿ ಅಂಗಡಿಯಾಚೆಯ ರಸ್ತೆ ನೋಡಿದರೆ ಕಣ್ಣಿಗೆ ವಿಶ್ರಾಂತಿ.

ಇನ್ನು ಕೈ ಜೋಮು. ಎಲ್ಲಕ್ಕೂ ಮೌಸನ್ನೇ ದೂರುವುದು ರೂಢಿ. ಸುಮಾರು 7,000 ತಂತ್ರಜ್ಞರನ್ನು ಗಮನಿಸಿದ ಡೆನ್ಮಾರ್ಕಿನ 2003ರ ಅಧ್ಯಯನದ ಪ್ರಕಾರ, ಮಣಿಕಟ್ಟಿನ ನರ ಒತ್ತುವ ಕಾರ್ಪಲ್ ಟನಲ್ ತೊಂದರೆಗೆ ಕಂಪ್ಯೂಟರ್ ಬಳಕೆ ದೊಡ್ಡ ಕಾರಣವಲ್ಲ. ಮಧುಮೇಹ, ಥೈರಾಯ್ಡ್ ಕೊರತೆ, ಬಸಿರು, ಇವೂ ಅದನ್ನು ತರಬಲ್ಲವು. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮೌಸ್ ಬದಲಿಸುತ್ತ ದಿನ ದೂಡಬೇಡಿ, ವೈದ್ಯರಿಗೆ ತೋರಿಸಿ, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.