ಮೃಗಶಿರಾ ಮಳೆಯಲ್ಲಿ ಮೃಗಶಿರೆ ಎಲ್ಲಿರುತ್ತದೆ?

ಜೂನ್ ಎರಡನೇ ವಾರ ಬೀರೂರಿನಿಂದ ಅಜ್ಜಂಪುರದವರೆಗೆ ಯಾವ ಚಹಾದಂಗಡಿಯಲ್ಲಿ ಕೂತರೂ ಕೇಳುವ ಮಾತು: ಮೃಗಶಿರಾ ಹುಟ್ಟಿ ನಾಲ್ಕು ದಿನವಾಯ್ತು, ಒಂದು ಹನಿ ಇಲ್ಲ. ಪಂಚಾಂಗ ಮೃಗಶಿರಾ ಮಳೆ ಎಂದು ಕರೆಯುವ ಹದಿನಾಲ್ಕು ದಿನ ಆ ನಕ್ಷತ್ರ ರಾತ್ರಿ ನೆತ್ತಿಯ ಮೇಲಿರುತ್ತದೆ, ಮಳೆ ಸುರಿಸುವುದೂ ಅದೇ ಎಂದು ಬಹಳ ಜನ ನಂಬಿದ್ದಾರೆ. ನಕ್ಷತ್ರ ವೀಕ್ಷಣೆಯ ಹವ್ಯಾಸಕ್ಕೆ ಇಳಿದವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಮೃಗಶಿರಾ ಮಳೆಯ ದಿನಗಳಲ್ಲಿ ಆ ನಕ್ಷತ್ರವನ್ನು ಯಾರೂ ನೋಡಲಾರರು.

ಪಂಚಾಂಗ ಹೇಳುತ್ತಿರುವುದು ಸೂರ್ಯನ ವಿಳಾಸ. ಒಂದು ವರ್ಷದಲ್ಲಿ ಸೂರ್ಯ 27 ನಕ್ಷತ್ರಗಳನ್ನು ಹಾದುಹೋಗುವಂತೆ ಕಾಣುತ್ತಾನೆ. ಒಂದೊಂದಕ್ಕೆ ಹದಿಮೂರೂವರೆ ದಿನ ಬೀಳುತ್ತದೆ. ಜೂನ್ 8ರ ಸುಮಾರಿಗೆ ಅವನು ಮೃಗಶಿರೆಯನ್ನು ಹೊಗುತ್ತಾನೆ. ಅಂದರೆ ನಕ್ಷತ್ರ ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತದೆ, ಹಗಲಿನ ಬೆಳಕಲ್ಲಿ ಕಾಣುವುದಿಲ್ಲ. ಅದನ್ನು ರಾತ್ರಿ ಊಟದ ಹೊತ್ತಿಗೆ ಎತ್ತರದಲ್ಲಿ ನೋಡಬೇಕಾದರೆ ಆರೇಳು ತಿಂಗಳು ಕಾಯಬೇಕು. ಜನವರಿಯಲ್ಲಿ, ಊಟ ಮುಗಿಸಿ ಒಂಬತ್ತು ಗಂಟೆಗೆ ಕಣದಲ್ಲಿ ನಿಂತು ಕತ್ತೆತ್ತಿ: ಗೊಂಚಲಾಗಿ ಕೃತ್ತಿಕೆ, ಅದರ ಪಕ್ಕ ಕೆಂಪಗೆ ರೋಹಿಣಿ, ಮುಂದೆ ಮೃಗಶಿರೆ, ಮತ್ತೆ ಕೆಂಪಗೆ ಆರಿದ್ರೆ, ಪೂರ್ವಕ್ಕೆ ಜೋಡಿಯಾಗಿ ಪುನರ್ವಸು. ಮೇ ತಿಂಗಳಿಂದ ಜುಲೈವರೆಗೆ ಮಳೆಗಳು ಬರುವ ಕ್ರಮ ಇದೇ. ಮುಂಗಾರಿನ ಕ್ಯಾಲೆಂಡರನ್ನೆಲ್ಲ ಮೋಡವಿಲ್ಲದ ಚಳಿಗಾಲದ ರಾತ್ರಿ ಸಾಲಾಗಿ ಓದಬಹುದು. ಇದಕ್ಕೆ ಟೆಲಿಸ್ಕೋಪ್ ಬೇಡ. ನಿಜ ಹೇಳಬೇಕೆಂದರೆ ಟೆಲಿಸ್ಕೋಪ್ ಅಡ್ಡಿ, ಅದರಲ್ಲಿ ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ. ಕೈಗೆ ಬೈನಾಕ್ಯುಲರ್ ಸಿಕ್ಕರೆ ಕೃತ್ತಿಕೆಯತ್ತ ತಿರುಗಿಸಿ. ಬರಿಗಣ್ಣಿಗೆ ಆರೇಳು ಕಂಡಲ್ಲಿ ಹತ್ತಾರು ಚುಕ್ಕಿ ಕಾಣುತ್ತವೆ.

ಮಳೆಗೂ ನಕ್ಷತ್ರಕ್ಕೂ ಇರುವ ನಂಟು ತಾರೀಖಿನದು ಮಾತ್ರ. ಒಂದೇ ಮೃಗಶಿರೆಯಲ್ಲಿ ಕೆಮ್ಮಣ್ಣುಗುಂಡಿಯಲ್ಲಿ ಧೋ ಎಂದು ಸುರಿಯುವಾಗ ಕಡೂರಿನ ಹೊಲದಲ್ಲಿ ದೂಳು ಏಳುತ್ತಿರುತ್ತದೆ. ಪಡುವಣದ ಗಾಳಿ ಬಾಬಾಬುಡನ್ ಗಿರಿಗಳಿಗೆ ಏರುವಾಗ ತಣಿದು ನೀರಿಳಿಸುತ್ತದೆ, ಈಚೆ ಇಳಿಯುವಾಗ ಒಣಗಿರುತ್ತದೆ. ಇಷ್ಟು ಸಾಲದವರಿಗೆ ಇನ್ನೊಂದು ಲೆಕ್ಕವಿದೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಋತುಗಳಿಗೆ ಹೋಲಿಸಿದರೆ ಈ ನಕ್ಷತ್ರಗಳ ದಿನ ಸುಮಾರು 71 ವರ್ಷಕ್ಕೊಂದರಂತೆ ಮುಂದಕ್ಕೆ ಸರಿಯುತ್ತದೆ. ತರೀಕೆರೆ ಪಕ್ಕದ ಅಮೃತಾಪುರದ ಗುಡಿ 1196ರದು. ಆಗ ಸೂರ್ಯ ಮೃಗಶಿರೆಗೆ ಬರುತ್ತಿದ್ದದ್ದು ಈಗಿನ ಲೆಕ್ಕಕ್ಕೆ ತಂದರೆ ಮೇ ಕೊನೆಯ ವಾರ. ನಕ್ಷತ್ರ ಸುಮಾರು ಹನ್ನೆರಡು ದಿನ ಸರಿಯಿತೆಂದು ಮುಂಗಾರು ಅದರ ಹಿಂದೆ ಹೋಗಲಿಲ್ಲ.

ಧ್ರುವ ನಕ್ಷತ್ರವೇ ಎಲ್ಲಕ್ಕಿಂತ ಪ್ರಕಾಶಮಾನ ಎಂಬುದು ಇನ್ನೊಂದು ನಂಬಿಕೆ. ಹೊಳಪಿನಲ್ಲಿ ಲುಬ್ಧಕ ಮೊದಲು, ಅಗಸ್ತ್ಯ ಎರಡನೆಯದು, ಧ್ರುವ ಹೆಚ್ಚುಕಡಿಮೆ ಐವತ್ತನೆಯದು. ಜನ ಅದನ್ನು ಬಹಳ ಎತ್ತರದಲ್ಲಿ ಹುಡುಕುತ್ತಾರೆ, ಸಿಗದೆ ಬಿಡುತ್ತಾರೆ. ಒಂದು ಊರಿನಿಂದ ಧ್ರುವ ಕಾಣುವ ಎತ್ತರ ಆ ಊರಿನ ಅಕ್ಷಾಂಶದಷ್ಟೇ. ಕಡೂರಿಗೆ ಅದು ಹದಿಮೂರೂವರೆ ಡಿಗ್ರಿ: ತೋಳು ಚಾಚಿ ಮುಷ್ಟಿ ಹಿಡಿದರೆ ಉತ್ತರ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ. ತೆಂಗಿನ ತೋಟದ ನಡುವೆ ನಿಂತರೆ ಸಿಗುವುದಿಲ್ಲ. ಅಜ್ಜಂಪುರದ ಬಯಲು ಇದಕ್ಕೆ ಹೇಳಿಮಾಡಿಸಿದ ಜಾಗ.

ಇನ್ನು ಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಗ್ರಹಣದ ಪಥ ಕಾಸರಗೋಡು, ಕೊಡಗಿನ ದಕ್ಷಿಣ ತುದಿಯ ಮೇಲೆ ಹಾದುಹೋಯಿತು. ಈ ಸೀಮೆಯಲ್ಲಿ ಸೂರ್ಯನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮುಚ್ಚಿತ್ತು. ಅಂಥ ಹೊತ್ತಲ್ಲಿ ಮಾಡಿದ ಅಡುಗೆ ವಿಷವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ: ನಮ್ಮ ಮೇಲೆ ಬಿದ್ದದ್ದು ಚಂದ್ರನ ನೆರಳು, ಅಷ್ಟೆ. ಅಪಾಯ ಇರುವುದು ಜನ ಧೈರ್ಯವಾಗಿ ಮಾಡುವ ಕೆಲಸದಲ್ಲಿ. ಹಳೆಯ ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಗಣಿ ನೀರಿನಲ್ಲಿ ಬಿಂಬ ನೋಡುವುದು, ಮೂರೂ ಬೇಡ. ಬೆಳಕು ಮಂಕಾದಂತೆ ಕಂಡರೂ ಕಣ್ಣಿಗೆ ಕಾಣದ ಅವಕೆಂಪು ಕಿರಣ ಒಳಗೆ ಹೋಗುತ್ತಿರಬಹುದು. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ, ಸುಟ್ಟದ್ದು ಗೊತ್ತಾಗುವುದು ಆಮೇಲೆ. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ನೆಲದ ಮೇಲೆ ಬಿಂಬ ಬೀಳಿಸಿದರೆ ಸಾಕು, ಖರ್ಚೂ ಇಲ್ಲ.

ಗ್ರಹಣ ಹಿಡಿದಾಗ ಮಾತ್ರ ಒನಕೆ ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದನ್ನು ನಾಳೆಯೇ ಪರೀಕ್ಷಿಸಬಹುದು. ಬುಡ ಸಮವಾಗಿದ್ದು ಕೈ ನಡುಗದಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ ಎಂಬುದೇ ಪವಾಡದ ಗುಟ್ಟು.

ಆ ಒನಕೆಗೆ ಏಪ್ರಿಲ್ 26ರ ಆಸುಪಾಸು ಒಳ್ಳೆಯ ಕೆಲಸವಿದೆ. ದಿನಾ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಅವನು ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಎರಡನೆಯದು ಆಗಸ್ಟ್ 16ರ ಸುಮಾರಿಗೆ, ಆಗ ಹೆಚ್ಚಾಗಿ ಮೋಡವೇ ಗತಿ. ಹನ್ನೆರಡು ಗಂಟೆಗಂತೂ ಅಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಕಡೂರು ಇರುವುದು 76ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 26 ನಿಮಿಷ ತಡ. ಆ ವಾರ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುವುದರಿಂದ ಅಷ್ಟು ಕಳೆದು 12 ಗಂಟೆ 24ಕ್ಕೆ ನಡು ಹಗಲು. ಅಂಗಳದಲ್ಲಿ ನಿಲ್ಲಿಸಿದ ಒನಕೆಯ ನೆರಳು ಆಗ ಅದರ ಬುಡದೊಳಕ್ಕೇ ಸೇರಿಹೋಗುತ್ತದೆ. ಅಲ್ಲಿಂದ ಆಗಸ್ಟ್‌ವರೆಗೆ ನಡು ಹಗಲಿನ ನೆರಳು ಬೀಳುವುದು ದಕ್ಷಿಣಕ್ಕೆ, ದೆಹಲಿಯವರು ಎಂದೂ ಕಾಣದ ದಿಕ್ಕಿಗೆ.